ಅಪ್ಪನ ಕಿವಿ

"ಸ್ಟಾರ್ಟ್ ಮಾಡೇ," ಎಂದು ಮಗಳಿಗೆ ಹೇಳಿ, ಮೆಕ್ಯಾನಿಕ್ ಅಪ್ಪ ಹಳೆಯ ಎಂಟು ಸಿಲಿಂಡರಿನ ಕಾರಿನ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ಕಿವಿಗೊಟ್ಟ. "ನಿನ್ನ ಹೊಸ ಸ್ಪೋರ್ಟ್ಸ್ ಕಾರುಗಳು ನೋವಾದ್ರೆ ಕಂಪ್ಯೂಟರ್ ಹತ್ರ ಚಾಡಿ ಹೇಳ್ತವೆ. ಇದು ಗಂಡೆದೆಯ ಗಾಡಿ, ನೇರ ನನಗೇ ಹೇಳುತ್ತೆ."

"ಒಂದ್ನಿಮಿಷ ಇರಪ್ಪಾ, ಕೀ ಹುಡುಕ್ತಿದೀನಿ," ಎಂದಳು ಮಗಳು. ಅವಳು ಗ್ಯಾರೇಜಿಗೆ ಕಾರಿನ ದೋಷ ಪತ್ತೆಹಚ್ಚುವ ಸ್ಕ್ಯಾನರ್ ತಂದಾಗಿನಿಂದ, ಅವಳು ಕರೆದರೂ ಅಪ್ಪ ತಿರುಗುತ್ತಿರಲಿಲ್ಲ. ಮುನಿಸೆಂದುಕೊಂಡು ಅವಳೂ ತಿಂಗಳಿಂದ ಮುಖ ಊದಿಸಿಕೊಂಡಿದ್ದಳು.

ಅಪ್ಪ ತಲೆದೂಗಿದ. "ಹ್ಞಾ, ಕೇಳಿಸ್ತು! ಮೂರನೇ ಸಿಲಿಂಡರ್‌ದೇ ಟಕಟಕ."

ಅವಳಿಗೆ ಕೀ ಆಗಷ್ಟೇ ಸಿಕ್ಕಿತ್ತು. ಇಂಜಿನ್ ಇನ್ನೂ ಶುರುವೇ ಆಗಿರಲಿಲ್ಲ.

ಅದು ಮುನಿಸಾಗಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಕಾರಿನೊಳಗೆ ಕೂತು ಕೀ ತಿರುಗಿಸಿದಳು. ಇಂಜಿನ್ ಗುಡುಗಿತು. ಹೊರಗೆ ಬಂದು, ಬೆನ್ನ ಹಿಂದಿದ್ದ ಅಪ್ಪನ ಕೈ ಬಿಡಿಸಿ, ಅಂಗೈಯನ್ನು ಅದುರುತ್ತಿದ್ದ ಇಂಜಿನ್ನಿನ ಮುಚ್ಚಳದ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು. ಅವನು ಕಣ್ಣು ತೆರೆದು, ಸಿಕ್ಕಿಬಿದ್ದ ಮಗುವಿನಂತೆ ಅವಳ ಮುಖ ನೋಡಿದ. ಅವಳು ನಕ್ಕಳು. ಆಗ ಅವಳ ಕೈಯಡಿಯಲ್ಲಿ ಆ ಒರಟು ಅಂಗೈ ಮೆಲ್ಲಗೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಮೂರನೇದಲ್ಲ ಕಣೇ," ಎಂದ ಅಪ್ಪ. "ನಾಲ್ಕನೇದು."