ಮುಗಿಯಬಾರದ ಶೂಟಿಂಗ್

ನಾಜಿ ಜರ್ಮನಿ ಸೋಲುವುದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ ಅಷ್ಟೆ. ಬೆಟ್ಟದ ಮೇಲಿನ ಒಂದು ಸಣ್ಣ ಊರಲ್ಲಿ ನಮ್ಮ ಸಿನಿಮಾದ ಶೂಟಿಂಗ್ ಮಾತ್ರ ನಡೆದೇ ಇತ್ತು. ಸಿನಿಮಾ ಕೆಲಸದಲ್ಲಿ ಇರುವವರೆಗೆ ನಮ್ಮನ್ನು ಸೇನೆಗೆ ಎಳೆಯುತ್ತಿರಲಿಲ್ಲ. ಮುಗಿದರೆ ಮರುದಿನವೇ ರಣರಂಗ. ಹಾಗಾಗಿ ಫಿಲ್ಮ್ ಪೂರ್ತಿ ತೀರಿಹೋದ ಮೇಲೂ ನಾನು ಖಾಲಿ ಕ್ಯಾಮೆರಾ ಓಡಿಸುತ್ತಲೇ ಇದ್ದೆ. ನಾಯಕಿ ದಿನಾ ಅದೇ ಗಂಡನನ್ನು ಅದೇ ರೈಲು ಹತ್ತಿಸಿ ಅಳುತ್ತಿದ್ದಳು.

ಒಂದು ಬೆಳಿಗ್ಗೆ ಬರ್ಲಿನ್ನಿಂದ ತಪಾಸಣೆಗೆ ಅಧಿಕಾರಿಯೊಬ್ಬ ಬಂದ. ನಾಯಕಿ ಅವತ್ತು ಎದೆ ಬಿರಿಯುವಂತೆ ಅತ್ತಳು. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಕ್ಯಾಮೆರಾದ ಮುಚ್ಚಳ ತೆಗೆದು ಒಳಗೆ ಇಣುಕಿದ.

ಮೆಲ್ಲಗೆ ಮುಚ್ಚಳ ಹಾಕಿ ನಿರ್ದೇಶಕನನ್ನು ಕೇಳಿದ, “ಈ ಸೀನು ಇನ್ನೆಷ್ಟು ದಿನ?”

“ತಾವು ಹೇಳಿದಷ್ಟು, ಸ್ವಾಮಿ.”

“ಅವಸರ ಬೇಡ. ಆಯಮ್ಮನ ಅಳು ಇನ್ನೂ ಚೆನ್ನಾಗಿ ಬರಬೇಕು.”

ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ದನಿ ತಗ್ಗಿಸಿ ಅಂದ:

“ರೈಲು ಹೊರಡೋಕೆ ಒಬ್ಬ ಸ್ಟೇಷನ್ ಮಾಸ್ತರ ಬೇಡವೇನ್ರೀ? ಬಾವುಟ ಬೀಸೋದು ನನಗೆ ಬರುತ್ತೆ.”