ಸಂತೆಯ ಬಾತುಕೋಳಿ

ಪುಕ್ಕ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ತಲೆಗೂದಲನ್ನು ತಡವುತ್ತದೆ.

ಸನವಳ್ಳಿಯ ನಮ್ಮ ಹಿತ್ತಲಲ್ಲಿ ಅಂದು ಮಧ್ಯಾಹ್ನ ಕಾಕಾ ದಪ್ಪ ಹಕ್ಕಿಯೊಂದರ ಪುಕ್ಕ ಕಿತ್ತು, ಉಳಿದ ಎಳೆಪುಕ್ಕ ಸುಡಲು ಬೆಂಕಿಗೆ ಹಿಡಿದಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ. ಹಕ್ಕಿಗೆ ತಲೆ ಇರಲಿಲ್ಲ.

"ಸಂತ್ಯಾಗ ತಂದ ಬಾತುಕೋಳಿ, ವೈನಿ," ಎಂದ ಅವ್ವನಿಗೆ.

ಅವ್ವ ಅದರ ರೆಕ್ಕೆಯನ್ನು ಎಳೆದು ನೋಡಿದಳು. "ಸಾಕಿದ್ದಕ್ಕ ಇಷ್ಟುದ್ದ ರೆಕ್ಕಿ ಯಾಕ? ತಲಿ ಎಲ್ಲೈತಿ?"

"ನಾಯಿ ಒಯ್ತು."

ಅಷ್ಟರಲ್ಲಿ ಟಿಬೆಟನ್ ಕ್ಯಾಂಪಿನ ಅಜ್ಜ ಮುಂಬಾಗಿಲಿಗೆ ಬಂದರು. ಚಳಿಗಾಲದಲ್ಲಿ ಕೆರೆಗೆ ಇಳಿಯುವ ಹೆಬ್ಬಾತುಗಳನ್ನು ದಿನಾ ನೋಡಿ, ನಮ್ಮಲ್ಲಿ ನೀರು ಕುಡಿದು ಹೋಗುವುದು ಅವರ ರೂಢಿ. ಅವು ತಾವು ಹುಟ್ಟಿದ ಟಿಬೆಟ್ಟಿನಿಂದಲೇ ಹಿಮಾಲಯ ದಾಟಿ ಬರುತ್ತವೆ ಎನ್ನುತ್ತಿದ್ದರು.

ಅವ್ವ ಹಿತ್ತಲ ಬಾಗಿಲು ಎಳೆದುಕೊಂಡು ನನ್ನೊಡನೆ ಮುಂದೆ ಬಂದು, ಅವರಿಗೆ ತಂಬಿಗೆ ಕೊಟ್ಟಳು. ಹೊಗೆ ಮಾತ್ರ ಸೂರು ದಾಟಿ ಅಲ್ಲಿಗೂ ಬಂತು.

"ಇವತ್ತ ಒಂದೂ ಕೆರಿಗೆ ಇಳೀಲಿಲ್ಲ. ಹೆದರ್ಯಾವ," ಎಂದರು ಅಜ್ಜ.

ಅವ್ವ ನನ್ನತ್ತ ನೋಡದೆ, "ನಾಯಿ ಬೆನ್ನ ಹತ್ತಿರಬೇಕ್ರಿ," ಎಂದಳು.

ಅಜ್ಜ ನನ್ನ ತಲೆಯಿಂದ ಬೂದುಬಣ್ಣದ ಪುಕ್ಕವೊಂದನ್ನು ಮೆಲ್ಲಗೆ ತೆಗೆದರು. ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ತಂಬಿಗೆಯ ನೀರನ್ನು ಕುಡಿಯದೆ ಹಾಗೆಯೇ ಕಟ್ಟೆಯ ಮೇಲಿಟ್ಟು ಹೊರಟುಹೋದರು.