ಹೋಗುವವರ ಮಾತು

ನೀಲವ್ವನ ಬೀಜದ ಅಂಗಡಿಯ ಸರ್ವರ್‌ನಲ್ಲಿದ್ದ ಆಪರೇಟಿಂಗ್ ಸಿಸ್ಟಂ, ತೀರಿಹೋದ ಸ್ಟೇಷನ್ ಮಾಸ್ತರೊಬ್ಬರ ಮನಸ್ಸು. ಹಳತಾಯಿತೆಂದು ಕಂಪನಿ ಅದರ ಕೈಬಿಟ್ಟಿತ್ತು. ರಿಪೇರಿಯ ರುದ್ರೇಶ, ತೀರಿಹೋದ ಬೇರೆಯವರ ಮನಸ್ಸು ತುಂಬಿದ ಹೊಸ ಡಿಸ್ಕುಗಳನ್ನು ತಂದಿದ್ದ.

“ಇದರಾಗ ವಕೀಲ್ರು, ಇದರಾಗ ನರ್ಸಮ್ಮ. ಯಾರನ್ನ ಹಾಕ್ಲಿ ಅಕ್ಕಾರ?”

ದಿನಬೆಳಗಾದರೆ ವಕೀಲರ ಜೊತೆ ವಾದ ಮಾಡುವವರು ಯಾರು? ನೀಲವ್ವ ನರ್ಸಮ್ಮನ ಡಿಸ್ಕನ್ನೇ ತೋರಿಸಿದಳು.

ಅಳಿಸುವ ಮುಂಚೆ ಮಾಸ್ತರರು ಎಂದಿನ ನಿಧಾನದಲ್ಲಿ, “ಬರ್ತೀನವಾ” ಎಂದರು.

“ಹೂಂ, ಬರ್ರಿ” ಎಂದುಬಿಟ್ಟಳು ನೀಲವ್ವ, ಹೊಸ್ತಿಲು ದಾಟುವವರಿಗೆಲ್ಲ ಹೇಳಿ ರೂಢಿಯಾದ ಬಾಯಿ.

ಅಳಿಸಿ ಮುಗಿಸಿ ರುದ್ರೇಶ ನಕ್ಕ. “ಎಲ್ಲಿಂದ ಬರ್ತಾರ್ರೀ? ಪೂರಾ ಅಳಿಸೇನಿ.”

ಹೊಸ ಡಿಸ್ಕ್ ಕೂತಿತು, ದೀಪ ಹಸಿರಾಯಿತು. ಎಳೆಯ ಹೆಣ್ಣುದನಿಯೊಂದು, ಮಾಸ್ತರರ ಅದೇ ನಿಧಾನದಲ್ಲಿ, ಹೇಳಿತು:

“ಬಂದೆ ನೋಡವಾ. ನೀನೇ ಬರ್ರಿ ಅಂದ್ಯಲ್ಲ.”